ಬೆಳಕು ಇಳಿಯದ ತೋಳು

ನಾವು ಹೋಗಿದ್ದಾಗ ನೆದರ್ಲೆಂಡ್ಸ್‌ನಲ್ಲಿ ಹೂವಿರಲಿಲ್ಲ. ಗಾಳಿಗಿರಣಿಯೊಂದು ರೈಲಿನ ಕಿಟಕಿಯಿಂದ ಕಂಡಿತು, ಅದೂ ತಿರುಗುತ್ತಿರಲಿಲ್ಲ. ಆ ದೇಶದ ಚೆಂದ ಓದಬೇಕೆನ್ನುವವರು ಬೇರೆಯವರು ಬರೆದದ್ದನ್ನು ಓದಿಕೊಳ್ಳಬೇಕು. ನನಗೆ ಅಲ್ಲಿಂದ ಉಳಿದಿರುವುದು ಕಿಟಕಿಯಿಲ್ಲದ ಒಂದು ಕೋಣೆ, ಅದರೊಳಗಿದ್ದ ಒಂದು ಯಂತ್ರ, ಆ ಯಂತ್ರದ ಮುಂದೆ ಸೀರೆಯ ಸೆರಗು ಸಿಕ್ಕಿಸಿಕೊಂಡು ತೋಳು ಚಾಚಿ ಕುಳಿತ ಹುಲಿಗೆಮ್ಮ.

ಗಂಗಾವತಿ

ನಾನು ಗಂಗಾವತಿಯ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡುವ ವೈದ್ಯೆ. ತವರು ಕುಷ್ಟಗಿ, ಅಪ್ಪನದು ಅಲ್ಲಿ ಕಿರಾಣಿ ವ್ಯಾಪಾರ. ಹುಲಿಗೆಮ್ಮ ನಮ್ಮ ಆಸ್ಪತ್ರೆಯ ಹಿರಿಯ ನರ್ಸ್. ಯಲಬುರ್ಗಾ ಕಡೆಯ ಬೇವೂರಿನವರು, ನನಗಿಂತ ಸಾಕಷ್ಟು ದೊಡ್ಡವರು. ಸ್ಕ್ಯಾನಿಂಗ್ ಕೋಣೆಯಲ್ಲಿ ಯಂತ್ರ ನೋಡುವುದು ನನ್ನ ಕೆಲಸ, ಮನುಷ್ಯರನ್ನು ನೋಡುವುದು ಅವರ ಕೆಲಸ. ಹೆದರಿದವರನ್ನು ಮಂಚದ ಮೇಲೆ ಮಲಗಿಸಲು ಅವರ ಒಂದು ಬೈಗುಳ ಸಾಕಾಗುತ್ತಿತ್ತು.

ನಮ್ಮಲ್ಲಿಗೆ ಎದೆಯ ಗಂಟು ಹೊತ್ತು ಬರುವ ಹೆಂಗಸರು ಯಾವಾಗಲೂ ತಡವಾಗಿಯೇ ಬರುತ್ತಾರೆ. ನವಲಿ, ಕನಕಗಿರಿ ಕಡೆಯ ಗದ್ದೆಗಳಲ್ಲಿ ಬಾಗಿ ಭತ್ತದ ನಾಟಿ ಮಾಡುವವರು. ಗಂಟು ಕೈಗೆ ಸಿಕ್ಕರೂ ಬಾಯಿ ಬಿಡುವುದಿಲ್ಲ. ನಾವು ಸೂಜಿ ಹಾಕಿ ಪರೀಕ್ಷೆ ಮಾಡಬೇಕು ಅಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಾರೆ. ಸೂಜಿ ತಾಗಿದರೆ ಗಂಟು ಮೈತುಂಬ ಹರಡುತ್ತದೆ ಎಂದು ಅವರಿಗೆ ಯಾರೋ ಎಂದೋ ಹೇಳಿದ್ದಾರೆ. ಮತ್ತೆ ಬರುವುದು ಗಂಟು ಒಡೆದು ಹುಣ್ಣಾದ ಮೇಲೆ. ಹುಲಿಗೆಮ್ಮನವರ ಸ್ವಂತ ಅಕ್ಕ ಹಾಗೆಯೇ ತಡಮಾಡಿ ತೀರಿಕೊಂಡರು.

ಆದ್ದರಿಂದ ನೆದರ್ಲೆಂಡ್ಸ್‌ನ ಒಂದು ಸಂಶೋಧನಾ ತಂಡದವರು ನಮ್ಮನ್ನು ಕರೆದಾಗ ನನಗೆ ನಿಜವಾಗಿ ಖುಷಿಯಾಯಿತು. ಅವರದು ಬೆಳಕನ್ನೂ ಸದ್ದನ್ನೂ ಕೂಡಿಸಿ ದೇಹದ ಒಳಗನ್ನು ನೋಡುವ ಯಂತ್ರ. ಒಬ್ಬ ವೈದ್ಯೆ, ಒಬ್ಬ ನರ್ಸ್ ಬಂದು ಕಲಿತುಕೊಂಡು ಹೋಗಿ, ಆಮೇಲೆ ಒಂದು ಯಂತ್ರವನ್ನು ನಿಮ್ಮ ಆಸ್ಪತ್ರೆಗೆ ಕಳಿಸುತ್ತೇವೆ ಅಂದರು. ಯಾವ ಗಂಟಿಗೆ ಸೂಜಿ ಬೇಕು, ಯಾವುದಕ್ಕೆ ಬೇಡ ಎಂದು ಅದು ಮುಂಚೆಯೇ ತಿಳಿಸುತ್ತದೆ ಎಂಬುದು ಅವರ ಆಸೆ.

ಹುಲಿಗೆಮ್ಮ ನನ್ನನ್ನು ಕೂರಿಸಿಕೊಂಡು ಕೇಳಿದರು. “ಸೂಜಿ ಇಲ್ಲೇನ್ರಿ ಮೇಡಮ್ಮಾರ?”

“ಇಲ್ರಿ. ಬರೇ ಬೆಳಕು. ಕಣ್ಣು ಮಿಟುಕಿಸೂದ್ರಾಗ ಬೆಳಕು ಒಳಗ ಹೋಗತೈತಿ. ರಕ್ತಕ್ಕ ತಾಗಿದ ಕೂಡ್ಲೆ ರಕ್ತ ಚೂರು ಬಿಸಿಯಾಗಿ ಸಣ್ಣ ಸದ್ದು ಮಾಡತೈತಿ. ಮಷೀನು ಆ ಸದ್ದು ಕೇಳಿ ಚಿತ್ರ ತಗೀತೈತಿ. ಗಂಟು ಕೆಟ್ಟದ್ದಿದ್ರ ಅಲ್ಲಿ ರಕ್ತ ಜಾಸ್ತಿ ಇರತೈತಿ, ಅದು ಕಾಣತೈತಿ.”

“ಮಿಂಚು ಹೊಡೆದು ಗುಡುಗು ಕೇಳಿದಂಗ,” ಅಂದರು. ಎದ್ದು ಹೊರಟವರು ತಿರುಗಿ, “ಹಂಗಾದ್ರ ನಾನೂ ಬರತೇನ್ರಿ,” ಅಂದರು.

ವಿಮಾನ

ನಮ್ಮ ಹಿಂದಿನ ಸೀಟಿನಲ್ಲಿ ನಮ್ಮ ದೇಶದ್ದೇ ಒಬ್ಬ ಹೆಂಗಸು ಕುಳಿತಿದ್ದಳು. ಊಟ ಮುಗಿದ ಮೇಲೆ ಮುಂದೆ ಬಾಗಿ, ಹಿಂದಿಯಲ್ಲಿ ನನ್ನನ್ನು ಕೇಳಿದಳು: “ಮನೆಗೆಲಸದವಳನ್ನು ಕರೆದುಕೊಂಡು ಹೋಗುತ್ತಿದ್ದೀರಾ? ವೀಸಾ ಹೇಗೆ ಸಿಕ್ಕಿತು?”

ನನ್ನದು ಗೋಧಿ ಬಣ್ಣ, ಹುಲಿಗೆಮ್ಮನವರದು ಕಪ್ಪು. ಆಕೆ ನೋಡಿದ್ದು ಅಷ್ಟನ್ನೇ. ಇವರು ಇಪ್ಪತ್ತೈದು ವರ್ಷದಿಂದ ನರ್ಸ್, ನನಗಿಂತ ಹಿರಿಯರು ಅಂದೆ. “ಓ,” ಎಂದು ಆಕೆ ಹಿಂದೆ ಒರಗಿದಳು. ಹುಲಿಗೆಮ್ಮನವರಿಗೆ ಹಿಂದಿ ಬರುವುದಿಲ್ಲ ಎಂದುಕೊಂಡಿದ್ದೆ. ನಮ್ಮ ಕಡೆ ಹಳೆಯ ನಿಜಾಮರ ಕಾಲದ ಉರ್ದು ಎಲ್ಲರ ಕಿವಿಯಲ್ಲೂ ಇದೆ ಎಂಬುದನ್ನು ಮರೆತಿದ್ದೆ.

“ಬಿಡ್ರಿ, ನಮ್ಮ ಅತ್ತಿ ನನ್ನ ಕರೆವ್ವ ಅಂತಲೇ ಕರೀತಿದ್ಲು. ಸಾಯೂ ಮುಂದ ಮಾತ್ರ ಹೆಸರ ಹಿಡಿದು ಕರದ್ಲು,” ಅಂದರು.

ಇಳಿದ ಮೇಲೆ ಸುಂಕದವನು ನಮ್ಮ ಚೀಲ ಬಿಚ್ಚಿಸಿದ. ಜೋಳದ ಖಡಕ್ ರೊಟ್ಟಿಗೆ ಅವನು ತಕರಾರು ಮಾಡಲಿಲ್ಲ. ಗುರೆಳ್ಳು ಚಟ್ನಿಯ ಡಬ್ಬಿ ತೆರೆದವನು, ಒಳಗಿನ ಕರಿ ಪುಡಿ ನೋಡಿ ಇನ್ನೊಬ್ಬನನ್ನು ಕರೆದ. ಏನೆಂದು ವಿವರಿಸಲು ನನ್ನ ಇಂಗ್ಲಿಷ್ ಸಾಲಲಿಲ್ಲ. ಹುಲಿಗೆಮ್ಮ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಚಪ್ಪರಿಸಿ ತೋರಿಸಿದರು. ಅವನು ಮೂಸಿ ನೋಡಿದ, ಜೋರಾಗಿ ಸೀನಿದ, ಡಬ್ಬಿ ಮುಚ್ಚಿಕೊಟ್ಟ. ಆ ಪ್ರವಾಸದಲ್ಲಿ ನಾವಿಬ್ಬರೂ ಮನಸಾರೆ ನಕ್ಕದ್ದು ಅಲ್ಲಿ ಮಾತ್ರ.

ಸೈಕಲ್ಲಿನ ಊರು

ಊರು ಜರ್ಮನಿಯ ಗಡಿಗೆ ಹತ್ತಿರ. ನೆಲ ಎಷ್ಟು ಸಪಾಟೆಂದರೆ, ಕೊಪ್ಪಳದ ಗುಂಡುಗಲ್ಲುಗಳ ನಡುವೆ ಓಡಾಡಿದ ಕಣ್ಣಿಗೆ ಯಾರೋ ಊರಿನ ಚಿತ್ರ ಬರೆಯುವುದನ್ನು ಅರ್ಧಕ್ಕೇ ಬಿಟ್ಟಂತೆ ಕಾಣುತ್ತದೆ. ಕಾಲುವೆಗಳು ತುಂಬಿ ನಿಂತಿವೆ, ಯಾರೂ ಅದರ ಕಡೆ ನೋಡುವುದಿಲ್ಲ. ನಮ್ಮ ಎಡದಂಡೆ ಕಾಲುವೆಯಲ್ಲಿ ನೀರು ಕಾಣದ ಕೊನೆಯ ತೂಬಿನ ರೈತ ಅದನ್ನು ಕಂಡಿದ್ದರೆ ಅಲ್ಲೇ ಕೂತು ಅಳುತ್ತಿದ್ದ.

ಜನರ ಮನೆಯ ಕಿಟಕಿಗಳಿಗೆ ಪರದೆ ಇಲ್ಲ. ಬೀದಿಯಲ್ಲಿ ಹೋಗುವವರಿಗೆ ಅವರು ಉಣ್ಣುವುದು, ಓದುವುದು, ಜಗಳವಾಡುವುದು ಎಲ್ಲ ಕಾಣುತ್ತದೆ. ಆದರೆ ಬಾಗಿಲು ತಟ್ಟಬೇಕಾದರೆ ವಾರ ಮೊದಲೇ ಕೇಳಿರಬೇಕು. ಮಧ್ಯಾಹ್ನದ ಊಟ ತಣ್ಣನೆಯ ಬ್ರೆಡ್ಡು, ಅದರ ಮೇಲೆ ಒಂದು ಚೀಸಿನ ಹಾಳೆ. ಮೊದಲ ದಿನ ಚಹಾ ಕೊಟ್ಟರು, ಜೊತೆಗೆ ಡಬ್ಬಿಯಿಂದ ತಲಾ ಒಂದು ಬಿಸ್ಕತ್ತು. ಕೊಟ್ಟವರು ಡಬ್ಬಿ ಮುಚ್ಚಿ ಕಪಾಟಿನೊಳಗಿಟ್ಟರು.

“ಡಬ್ಬಿ ಮುಚ್ಚಿಬಿಟ್ರಲ್ರೀ!” ಹುಲಿಗೆಮ್ಮ ನನ್ನ ಕಿವಿಯಲ್ಲಿ ಅಂದರು. “ನಮ್ಮ ಕಡೆ ಹಿಂಗ ಮಾಡಿದ್ರ ಬೀಗರು ಎದ್ದು ಹೋಗಿಬಿಡತಿದ್ರು.”

ನಮ್ಮನ್ನು ಕರೆಸಿಕೊಂಡಿದ್ದ ತಂಡದ ಮುಖ್ಯಸ್ಥನ ಹೆಸರು ಮಾರ್ಟೆನ್. ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಬರಬೇಕಾದಷ್ಟು ಎತ್ತರ. ಮಳೆಯಲ್ಲಿ ಸೈಕಲ್ ತುಳಿದುಕೊಂಡು ಬಂದು, ತಲೆ ಒರೆಸಿಕೊಳ್ಳುತ್ತಲೇ ಕೈಕುಲುಕಿದ. ಹುಲಿಗೆಮ್ಮ ಎನ್ನಲು ಅವನಿಗೆ ಆಗಲಿಲ್ಲ. ಅವರ ಭಾಷೆಯಲ್ಲಿ ‘ಗ’ ಅಕ್ಷರ ಗಂಟಲು ಕೆರೆದುಕೊಂಡು ಬರುತ್ತದೆ, ‘ಹ್ಯುಲಿಖೆಮ್ಮ’ ಅಂದ.

“ಪಾಪ, ಗಂಟಲದಾಗ ಏನೋ ಸಿಕ್ಕೈತಿ. ಬಿಸಿನೀರ ಕುಡೀ ಅನ್ರಿ,” ಅಂದರು ಹುಲಿಗೆಮ್ಮ.

ಮಾರ್ಟೆನ್ ಮೊದಲ ದಿನವೇ ಹೇಳಿದ: “ನಾವು ಇಲ್ಲಿ ನೇರವಾಗಿ ಮಾತಾಡುವ ಜನ. ಅನಿಸಿದ್ದನ್ನು ಮುಖಕ್ಕೇ ಹೇಳುತ್ತೇವೆ. ನೀವೂ ಹಾಗೇ ಹೇಳಬೇಕು.” ಆ ಮಾತನ್ನು ನಾನು ನಂಬಿದೆ.

ಕಿಟಕಿಯಿಲ್ಲದ ಕೋಣೆ

ಯಂತ್ರವಿದ್ದ ಕೋಣೆಯ ಬಾಗಿಲಿಗೆ ಕೆಂಪು ದೀಪ. ಅದು ಉರಿಯುವಾಗ ಯಾರೂ ಒಳಗೆ ಹೋಗುವಂತಿಲ್ಲ. ಒಳಗಿದ್ದವರೆಲ್ಲ ದಪ್ಪ ಬಣ್ಣದ ಕನ್ನಡಕ ಹಾಕಿಕೊಳ್ಳಬೇಕು. ಅನೌಕ್ ಎಂಬ ಯುವತಿ ಯಂತ್ರ ನಡೆಸುತ್ತಿದ್ದಳು. ನಾನು ದಿನವೂ ಕೈಯಲ್ಲಿ ಹಿಡಿಯುವ ಸ್ಕ್ಯಾನಿಂಗ್ ಹಿಡಿಕೆಯಂಥದೇ ಹಿಡಿಕೆ, ಆದರೆ ಅದರ ತುದಿಯಿಂದ ಬೆಳಕೂ ಬರುತ್ತದೆ. ಬೇಕೆಂದರೆ ಬೆಳಕು ಆರಿಸಿ, ನಮ್ಮ ಸಾದಾ ಸ್ಕ್ಯಾನಿಂಗಿನಂತೆ ಬರಿಯ ಸದ್ದಿನಿಂದಲೂ ನೋಡಬಹುದು.

ಮೊದಲು ನನ್ನ ಮುಂದೋಳು. ತಣ್ಣನೆಯ ಜೆಲ್ ಹಚ್ಚಿ ಹಿಡಿಕೆ ಇಟ್ಟಳು. ಟಿಕ್ ಟಿಕ್ ಎಂದು ಸದ್ದು ಶುರುವಾಯಿತು. ತೆರೆಯ ಮೇಲೆ ನನ್ನ ರಕ್ತನಾಳಗಳು ಎದ್ದು ಬಂದವು. ಬೇರು, ಬೇರಿನ ಮರಿಬೇರು, ಅದರ ಎಳೆಗಳು. ಇಷ್ಟು ವರ್ಷ ಬೂದು ನೆರಳುಗಳನ್ನು ನೋಡಿ ಕಣ್ಣು ದಣಿಸಿಕೊಂಡ ನನಗೆ ಅದು ಹಬ್ಬದಂತಿತ್ತು. ನವಲಿಯ ಹೆಂಗಸರ ಮುಖಗಳು ಒಂದಾದ ಮೇಲೊಂದು ನೆನಪಾದವು.

“ಈಗ ನೀವು ಕೂಡ್ರಿ,” ಅಂದೆ ಹುಲಿಗೆಮ್ಮನವರಿಗೆ.

ಅವರು ಬಳೆ ಮೇಲೇರಿಸಿ ತೋಳು ಚಾಚಿದರು. ಟಿಕ್ ಟಿಕ್. ತೆರೆಯ ಮೇಲ್ತುದಿಯಲ್ಲಿ, ಚರ್ಮವಿರುವಲ್ಲಿ, ಕಣ್ಣು ಕುಕ್ಕುವ ಬಿಳಿ ಪಟ್ಟಿ ಮೂಡಿತು. ಅದರ ಕೆಳಗೆ ಅದೇ ಪಟ್ಟಿಯ ಮಸುಕು ಮರುನೆರಳುಗಳು. ಅದಕ್ಕೂ ಕೆಳಗೆ ಏನೂ ಇಲ್ಲ. ಅನೌಕ್ ಇನ್ನಷ್ಟು ಜೆಲ್ ಹಚ್ಚಿದಳು, ಹಿಡಿಕೆ ಸರಿಸಿದಳು, ಗುಂಡಿಗಳನ್ನು ತಿರುಗಿಸಿದಳು. ಆ ಬಿಳಿ ಪಟ್ಟಿ ಅಷ್ಟಿಷ್ಟು ದಪ್ಪವಾಯಿತು, ಅಷ್ಟೆ.

ಮಾರ್ಟೆನ್ ಬಂದು ನೋಡಿದ. “ಚರ್ಮದ ಬಣ್ಣ,” ಅಂದ. “ಕಪ್ಪು ಬಣ್ಣವೇ ಬೆಳಕನ್ನು ಮೇಲ್ಗಡೆ ಕುಡಿದುಬಿಡುತ್ತದೆ. ಅಲ್ಲೇ ಜೋರು ಸದ್ದಾಗುತ್ತದೆ. ಒಳಗಿನ ಸದ್ದು ನಮಗೆ ಕೇಳುವುದಿಲ್ಲ.”

“ಇದು ನಿಮಗೆ ಮೊದಲೇ ಗೊತ್ತಿತ್ತೇ?”

“ಸಿದ್ಧಾಂತದಲ್ಲಿ ಗೊತ್ತು. ನಾವು ಪರೀಕ್ಷೆ ಮಾಡಿದ್ದು ಇಲ್ಲಿನ ವಿದ್ಯಾರ್ಥಿಗಳ ಮೇಲೆ. ಅವರಲ್ಲಿ ಈ ತೊಂದರೆ ಬರಲಿಲ್ಲ. ಚಿಂತೆ ಬೇಡ, ನಿಮ್ಮ ತೋಳಿನ ಚಿತ್ರ ಬಹಳ ಚೆನ್ನಾಗಿ ಬಂದಿದೆ. ವರದಿಗೆ ಅದೇ ಸಾಕು.”

ನಮ್ಮಲ್ಲಿಗೆ ಬರುವವರು ಹೆಚ್ಚಿನವರು ಇವರ ಬಣ್ಣದವರೇ ಎಂದು ಅವನೊಬ್ಬನಿಗೇ ಕೇಳುವಂತೆ ಹೇಳಿದೆ. ಹುಲಿಗೆಮ್ಮ ನಮ್ಮಿಬ್ಬರ ಮುಖ ನೋಡುತ್ತಿದ್ದರು. “ಏನಂತಾನ್ರಿ?”

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಹೇಳಿದೆ. ಅವರು ತೋಳಿನ ಜೆಲ್ ಒರೆಸಿಕೊಂಡರು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದರು.

“ಮಂದಿ ಅನ್ನೂದು ಕೇಳಿ ರೂಢಿ ಆಗೈತ್ರಿ,” ಅಂದರು. “ಮಷೀನೂ ಅಂತೈತಿ ಅಂತ ಗೊತ್ತಿರಲಿಲ್ಲ.”

ಮರುದಿನ ಬೆಳಿಗ್ಗೆ

ಹುಲಿಗೆಮ್ಮ ತಿಂಡಿಗೆ ಬರಲಿಲ್ಲ. ಅತಿಥಿಗೃಹದ ಅವರ ಕೋಣೆಗೆ ಹೋದೆ. ಹಾಸಿಗೆ ಮಡಚಿಟ್ಟು, ಸೀರೆ ಉಟ್ಟು, ಕುರ್ಚಿಯಲ್ಲಿ ಕೂತಿದ್ದರು.

“ಮೇಡಮ್ಮಾರ, ಬಾಗಲಾ ಹಾಕ್ರಿ.”

“ಯಾಕ, ಮೈಯಾಗ ಆರಾಮಿಲ್ಲೇನ್ರಿ?”

“ಇಲ್ಲೊಂದು ಗಂಟೈತಿ,” ಎಂದು ಎಡಗಡೆಯ ಎದೆ ಮುಟ್ಟಿಕೊಂಡರು.

ಬಾಗಿಲು ಹಾಕಿ ಬಂದು ಅವರ ಮುಂದೆ ಕೂತೆ. “ಯಾವಾಗಿಂದ?” ಅಂದೆ.

“ಪಾಸ್‌ಪೋರ್ಟ್ ಮಾಡ್ಸೂಕಿಂತ ಮೊದಲಿಂದ.”

“ನಂಗ ಯಾಕ ಹೇಳಲಿಲ್ರಿ? ದಿನಾ ನಿಮ್ಮ ಮಗ್ಗಲಾಗ ಕುಂತು ಮಂದಿಗೆಲ್ಲ ಸ್ಕ್ಯಾನ್ ಮಾಡತೇನಿ!”

“ಹೇಳಿದ್ರ ಸೂಜಿ ಹಾಕ್ತೇನಿ ಅಂತಿದ್ರಿ. ಮಂದೀನ ಬೈದು ಮಲಗಸಾಕ ಬರತೈತ್ರಿ, ನಾವ ಮಲಗಾಕ ಬರಂಗಿಲ್ಲ. ನಮ್ಮಕ್ಕಗ ಸೂಜಿ ಹಾಕಿಸಿದಾಕಿ ನಾನ. ಆಕಿ ಉಳೀಲಿಲ್ಲ. ಹರಡಿದ್ದು ಸೂಜಿಯಿಂದ ಅಲ್ಲ ಅಂತ ನಂಗ ಗೊತ್ತೈತಿ, ನರ್ಸ್ ಅದೇನಿ. ಆದ್ರ ಗೊತ್ತಿರೂದು ಬ್ಯಾರೆ, ಅಂಜಿಕಿ ಬ್ಯಾರೆ.” ಅವರ ಧ್ವನಿ ಇಳಿಯಿತು. “ಈ ಮಷೀನದಾಗ ನೋಡಿಸ್ಕೊಂಡ್ರಾತು ಅಂತ ಬಂದಿದ್ದೆ. ಕೈಯಾಗಿಂದ ಕಾಣಂಗಿಲ್ಲ, ಎದಿಯಾಗಿಂದ ಎಲ್ಲಿ ಕಾಣತೈತಿ?”

ಕೈಯಿಟ್ಟು ನೋಡಿದೆ. ಕಲ್ಲಿನಂತೆ ಗಟ್ಟಿ, ಅಂಚು ಒರಟು, ಸರಿಸಿದರೆ ಸರಿಯುವುದಿಲ್ಲ. ಕಂಕುಳಲ್ಲೂ ಒಂದು ಸಣ್ಣದು ಸಿಕ್ಕಿತು. ಇಂಥವನ್ನು ಎಷ್ಟೋ ಮುಟ್ಟಿದ್ದೇನೆ. ನನ್ನ ಮುಖ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟಿತೆಂದು ಕಾಣುತ್ತದೆ. ಅವರು ಕುಪ್ಪಸ ಹಾಕಿಕೊಂಡು, “ಇರಲಿ ಬಿಡ್ರಿ,” ಎಂದು ನನ್ನ ಬೆನ್ನು ಸವರಿದರು.

ನೇರ ಮಾರ್ಟೆನ್‌ನ ಬಳಿಗೆ ಹೋದೆ. ಯಂತ್ರದ ಬೆಳಕು ಆರಿಸಿ, ಬರಿ ಸದ್ದಿನ ಭಾಗ ಮಾತ್ರ ಕೊಡಿ, ಸದ್ದಿಗೆ ಬಣ್ಣದ ಹಂಗಿಲ್ಲ, ನಾನೇ ನೋಡುತ್ತೇನೆ, ಸ್ವಲ್ಪ ಹೊತ್ತು ಸಾಕು ಎಂದು ಕೇಳಿದೆ.

ಅವನಿಗೆ ನಿಜವಾಗಿಯೂ ದುಃಖವಾಯಿತು; ಅದರಲ್ಲಿ ನನಗೆ ಸಂಶಯವಿಲ್ಲ. “ಆಗುವುದಿಲ್ಲ,” ಅಂದ. “ಈ ಯಂತ್ರದಿಂದ ರೋಗ ಪತ್ತೆ ಮಾಡಲು ನಮಗೆ ಅನುಮತಿಯಿಲ್ಲ. ಅವರು ಇಲ್ಲಿ ರೋಗಿಯಲ್ಲ, ಅತಿಥಿ.”

“ನಾನು ವೈದ್ಯೆ. ಜವಾಬ್ದಾರಿ ನನ್ನದು.”

“ನೀವು ಇಲ್ಲಿ ವೈದ್ಯೆಯಲ್ಲ,” ಅಂದ, ಬಹಳ ಸೌಮ್ಯವಾಗಿ.

ನಿಯಮದ ಪ್ರಕಾರ ಅವನದೇ ಸರಿ. ನಮ್ಮ ಊರಿನಲ್ಲಿ ನಿಯಮ ಬಗ್ಗಿಸುವವರನ್ನು ಕಂಡು ನಾನೇ ಎಷ್ಟು ಸಲ ಸಿಟ್ಟಾಗಿಲ್ಲ! ಅವತ್ತು ಆ ಶುಭ್ರವಾದ ಓಣಿಯಲ್ಲಿ ನಿಂತು, ನಿಯಮ ಬಗ್ಗಿಸುವ ಒಬ್ಬನೇ ಒಬ್ಬ ಮನುಷ್ಯ ಸಿಗಲಿ ಎಂದು ಹಂಬಲಿಸಿದೆ. ಯಂತ್ರದ ಕೋಣೆ ಸಂಜೆಯವರೆಗೆ ಖಾಲಿಯಿತ್ತು. ಕೆಂಪು ದೀಪ ಆರಿತ್ತು.

ಇವತ್ತೇ ಊರಿಗೆ ಹೊರಡೋಣ ಅಂದರೆ ಹುಲಿಗೆಮ್ಮ ಒಪ್ಪಲಿಲ್ಲ. “ನಾಳಿ ಸಭಾ ಐತಿ. ಅದು ಮುಗೀಲಿ. ಮಷೀನ ಸುಧಾರಿಸಿ ಕೊಡ್ರಿ ಅಂತ ನೀವು ಅಲ್ಲಿ ಹೇಳಬೇಕು. ನಂದ್ಯಾವ ದೊಡ್ಡ ಗಂಟು, ನಾಕು ದಿನ ತಡೀತೈತಿ.”

ಸಭೆ

ಯಂತ್ರದ ಕೆಲಸಕ್ಕೆ ಹಣ ಕೊಡುವ ಸಂಸ್ಥೆಗಳವರು ಸಭೆಗೆ ಬಂದಿದ್ದರು. ಶುರುವಾಗುವ ಮೊದಲು ಒಬ್ಬ ಫೋಟೋಗ್ರಾಫರ್ ನಮ್ಮಿಬ್ಬರನ್ನೂ ಯಂತ್ರದ ಪಕ್ಕ ನಿಲ್ಲಿಸಿದ. ಒಂದೆರಡು ಫೋಟೋ ತೆಗೆದು, ನನ್ನನ್ನು ನಯವಾಗಿ ಪಕ್ಕಕ್ಕೆ ಸರಿಯಲು ಹೇಳಿದ. ಹುಲಿಗೆಮ್ಮ ಒಬ್ಬರೇ ಸಾಕಂತೆ. ಆ ಹಸಿರು ಇಳಕಲ್ ಸೀರೆ, ಆ ಮುಖ, ತೋಳಿನ ಮೇಲೆ ಯಂತ್ರದ ಹಿಡಿಕೆ. ಪುಸ್ತಿಕೆಯ ಮುಖಪುಟಕ್ಕೆ ಚೆಂದವಾಗಿರುತ್ತದಂತೆ. ಅನೌಕ್ ಅವರ ತೋಳಿಗೆ ಜೆಲ್ ಹಚ್ಚಿದಳು. ಯಂತ್ರ ಚಾಲೂ ಮಾಡಿರಲಿಲ್ಲ.

“ಮೇಡಮ್ಮಾರ, ಇದು ಯಾಕಂತ್ರಿ?”

ಹೇಳಿದೆ.

ಹುಲಿಗೆಮ್ಮ ತೋಳು ಹಿಂದಕ್ಕೆ ಎಳೆದುಕೊಂಡರು. “ಹೊರಗಿನ ಫೋಟೋಕ್ಕ ನಾ ಬೇಕು, ಒಳಗಿನ ಫೋಟೋಕ್ಕ ನೀವು ಬೇಕು. ಇದ್ಯಾವ ನ್ಯಾಯರಿ?”

ಎಲ್ಲರೂ ನನ್ನ ಕಡೆ ನೋಡಿದರು. ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದು ಹೇಳಿದೆ. ಫೋಟೋಗ್ರಾಫರ್ ಕ್ಯಾಮೆರಾ ಇಳಿಸಿದ. ಹುಲಿಗೆಮ್ಮ ಸೆರಗಿನಿಂದ ಜೆಲ್ ಒರೆಸಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತರು.

ನನ್ನ ಸರದಿ ಬಂದಾಗ ಬರೆದುಕೊಂಡು ಹೋಗಿದ್ದ ಭಾಷಣ ಬಿಟ್ಟು, ಕಂಡದ್ದನ್ನು ಹೇಳಿದೆ. ಯಂತ್ರ ನನ್ನ ತೋಳಿನೊಳಗೆ ಕಂಡಿತು, ಅವರ ತೋಳಿನೊಳಗೆ ಕಾಣಲಿಲ್ಲ. ನಮ್ಮಲ್ಲಿಗೆ ಬರುವ ಹೆಂಗಸರು ಹೆಚ್ಚಿನವರು ಅವರ ಬಣ್ಣದವರು. ಇದನ್ನು ಸರಿಪಡಿಸದೆ ಕಳಿಸಿದರೆ ಇಲ್ಲದ ಧೈರ್ಯ ಕೊಟ್ಟಂತಾಗುತ್ತದೆ.

ಮುಂದಿನ ಸಾಲಿನ ಒಬ್ಬ ಹೆಂಗಸು ಕೈಯೆತ್ತಿದಳು. “ಆದರೆ ವೈದ್ಯೆಯವರೂ ಭಾರತೀಯರೇ ಅಲ್ಲವೇ? ಅವರಲ್ಲಿ ಚೆನ್ನಾಗಿ ಬಂದಿದೆ. ಅಂದರೆ ಭಾರತೀಯರ ಮೇಲೆ ಕೆಲಸ ಮಾಡುತ್ತದೆ ಎನ್ನಬಹುದಲ್ಲ?”

“ನನ್ನ ತೋಳು ಅಂಗಡಿಯ ನೆರಳಲ್ಲಿ ಬೆಳೆದದ್ದು,” ಅಂದೆ. “ನಿಮ್ಮ ಯಂತ್ರ ಹುಡುಕಬೇಕಾದವರು ಭತ್ತದ ಗದ್ದೆಯಲ್ಲಿ ಬೆಳೆದವರು.”

ಇದು ಬಹಳ ಮೌಲ್ಯದ ಅಭಿಪ್ರಾಯ ಎಂದು ಅಧ್ಯಕ್ಷರು ವಂದಿಸಿದರು. ಎಲ್ಲರೂ ಕಾಫಿಗೆ ಎದ್ದರು. ನಾನು ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿಕೊಳ್ಳುತ್ತೇನೆಂದು, ನನ್ನ ಇಂಗ್ಲಿಷ್ ಬಹಳ ವೇಗದ್ದೆಂದು ಮುಖಕ್ಕೇ ಹೇಳಿದ್ದ ಜನ ಈ ತಂಡದವರು. ಅವತ್ತು ಒಬ್ಬರೂ ಹತ್ತಿರ ಬಂದು ನೇರ ಮಾತಾಡಲಿಲ್ಲ. ಮಾರ್ಟೆನ್ ಮಾತ್ರ ಕಾಫಿ ಲೋಟ ಹಿಡಿದು ಬಂದು, “ಇದನ್ನು ನನಗೆ ಒಬ್ಬನಿಗೇ ಹೇಳಬಹುದಿತ್ತು,” ಅಂದ.

“ನಿಮಗೆ ಒಬ್ಬರಿಗೇ ಹೇಳಿದ್ದೆ,” ಅಂದೆ.

ವಾಪಸು

ಇಳಿದವರೇ ಊರಿಗೆ ಹೋಗದೆ ಹುಬ್ಬಳ್ಳಿಗೆ ಹೋದೆವು. ಸೂಜಿ ಹಾಕುವಾಗ ಹುಲಿಗೆಮ್ಮ ನನ್ನ ಕೈ ಹಿಡಿದುಕೊಂಡಿದ್ದರು. ಅವರ ಬಳೆಯೊಂದು ಒತ್ತಿ ಒಡೆಯಿತು. ನನ್ನ ಬೆರಳು ಹೇಳಿದ್ದೇ ನಿಜವಾಯಿತು. ಎದೆ ತೆಗೆದರು. ಔಷಧಿಗೆ ಕೂದಲು ಉದುರಿತು.

ಯಂತ್ರ ನಮ್ಮಲ್ಲಿಗೆ ಬರಲಿಲ್ಲ. ಯೋಜನೆಯನ್ನು ಒಂದು ದೊಡ್ಡ ಶಹರದ ಆಸ್ಪತ್ರೆಗೆ ಬದಲಾಯಿಸಿದ್ದಾರೆ ಎಂದು ತಿಳಿಯಿತು. ನಮ್ಮ ಆಸ್ಪತ್ರೆಯ ಆಡಳಿತದವರು ನನ್ನ ಮೇಲೆ ಸಿಟ್ಟಾದರು. ಯಂತ್ರ ಬಂದಿದ್ದರೆ, ಕೆಲಸ ಮಾಡದಿದ್ದರೂ ಗೋಡೆಗೆ ಹಚ್ಚಿ ನಿಲ್ಲಿಸಬಹುದಿತ್ತು, ಊರಲ್ಲಿ ಹೆಸರಾಗುತ್ತಿತ್ತು ಅಂದರು. ಆ ಮಾತು ಆ ದೇಶದಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಚುಚ್ಚಿತು.

ಹುಲಿಗೆಮ್ಮ ತಲೆಗೆ ಸೆರಗು ಹೊದ್ದುಕೊಂಡು ಕೆಲಸಕ್ಕೆ ಮರಳಿದರು. ಒಂದು ದಿನ ನವಲಿಯ ಹೆಂಗಸೊಬ್ಬಳು ಸೂಜಿಯ ಮಾತು ಕೇಳಿ ಎದ್ದು ನಿಂತಳು. ಹುಲಿಗೆಮ್ಮ ಬಾಗಿಲಿಗೆ ಅಡ್ಡ ನಿಂತು, ಪರದೆ ಎಳೆದು, ಕುಪ್ಪಸ ಬಿಚ್ಚಿದರು.

“ನೋಡವ್ವ. ಇಲ್ಲಿ ಇತ್ತು, ಈಗ ಇಲ್ಲ. ನಂಗೂ ಅಂಜಿಕಿ ಇತ್ತು. ಅಂಜಿ ಪರದೇಶದ ತನಕ ಓಡಿದೆ. ಅಲ್ಲೇನೂ ಇಲ್ಲ. ನೀ ಮಲಗು.”

ಆಕೆ ಮಲಗಿದಳು. ಅದಾದ ಮೇಲೆ ಇನ್ನೂ ಎಷ್ಟೋ ಜನ ಮಲಗಿದರು. ಹುಲಿಗೆಮ್ಮನವರಿಗೆ ಮಾತ್ರ ರೋಗ ಬೆನ್ನೆಲುಬಿಗೆ ಇಳಿಯಿತು. ತಡವಾಗಿತ್ತು. ಬೇವೂರಿನಲ್ಲಿ ಅವರ ಅಕ್ಕನ ಪಕ್ಕದಲ್ಲಿಯೇ ಮಣ್ಣು ಮಾಡಿದರು. ಮಣ್ಣು ಹಾಕಿ ಬಂದ ನಾನು ಮರುದಿನ ಸ್ಕ್ಯಾನಿಂಗ್ ಕೋಣೆಯ ಬಾಗಿಲು ತೆರೆಯಲಿಲ್ಲ.

ಹೋದ ವರ್ಷ ಮಾರ್ಟೆನ್ ಫೋನ್ ಮಾಡಿದ. ಧ್ವನಿಯಲ್ಲಿ ಉತ್ಸಾಹವಿತ್ತು. ನಾನು ಸಭೆಯಲ್ಲಿ ಹೇಳಿದ್ದು ಸರಿ ಎಂದು ಈಗ ಎಲ್ಲರೂ ಒಪ್ಪುತ್ತಿದ್ದಾರಂತೆ, ಕಪ್ಪು ಚರ್ಮಕ್ಕೆ ಯಂತ್ರವನ್ನು ಹೊಂದಿಸುವ ಕೆಲಸಕ್ಕೇ ಬೇರೆ ಹಣ ಬಂದಿದೆಯಂತೆ. ಪರೀಕ್ಷೆಗೆ ಜನ ಬೇಕು. “ನಿಮ್ಮ ಜೊತೆ ಬಂದಿದ್ದ ಆ ನರ್ಸ್, ಹ್ಯುಲಿಖೆಮ್ಮ, ಮತ್ತೊಮ್ಮೆ ಬರುತ್ತಾರೆಯೇ?” ಎಂದು ಕೇಳಿದ.

ಅವರು ತೀರಿಕೊಂಡರು ಅಂದೆ. ಯಾವ ರೋಗದಿಂದ ಎಂದೂ ಹೇಳಿದೆ.

ಬಹಳ ವಿಷಾದವಾಯಿತು ಅಂದ. ಆ ವಿಷಾದ ನಿಜವೇ ಇತ್ತು; ಅವನ ಉಸಿರು ನನಗೆ ಕೇಳುತ್ತಿತ್ತು. ಆಮೇಲೆ ಅದೇ ಸೌಮ್ಯ ಧ್ವನಿಯಲ್ಲಿ ಕೇಳಿದ: “ಹಾಗಾದರೆ, ಅದೇ ಬಣ್ಣದವರು ಬೇರೆ ಯಾರಾದರೂ ಸಿಗುತ್ತಾರೆಯೇ?”